ಗಟ್ಟಿ ನೆಲಕ್ಕೆ ಡಿಸ್ಕ್ ಹ್ಯಾರೋ: ತೂಕಕ್ಕೆ ಮನುಷ್ಯರನ್ನು ಕೂರಿಸಬೇಡಿ

ಮೇ 15 ರೈತರ ಪಾಲಕ ಸಂತ ಇಸಿದೋರರ ಹಬ್ಬ. ಸ್ಪೇನ್ ದೇಶದ ಮ್ಯಾಡ್ರಿಡ್ ಬಳಿ ಇನ್ನೊಬ್ಬರ ಹೊಲದಲ್ಲಿ ಕೂಲಿಗೆ ನೇಗಿಲು ಹಿಡಿದು ಬಾಳಿದ ಈ ರೈತನನ್ನು ಧರ್ಮಸಭೆ 1622ರಲ್ಲಿ ಸಂತರ ಸಾಲಿಗೆ ಸೇರಿಸಿತು. ನಮ್ಮ ರಾಯದುರ್ಗ, ಆದೋನಿ, ಮಡಕಶಿರಾ ಸೀಮೆಯಲ್ಲಿ ಈ ಹಬ್ಬ ಬರುವ ಹೊತ್ತಿಗೆ ಮುಂಗಾರಿನ ಸಿದ್ಧತೆಯೂ ಶುರುವಾಗುತ್ತದೆ. ಮಳೆ ಬಿದ್ದ ಮೇಲೆ ಶೇಂಗಾ ಬಿತ್ತನೆಗೆ ಸಿಗುವ ದಿನಗಳು ಕೆಲವೇ. ಆಗ ಎಲ್ಲರಿಗೂ ಒಟ್ಟಿಗೇ ಟ್ರ್ಯಾಕ್ಟರ್ ಬೇಕು, ಎಲ್ಲರಿಗೂ ಅವಸರ. ಈ ಅವಸರದಲ್ಲಿ ಆಗುವ ಅನಾಹುತವೊಂದನ್ನು ತಪ್ಪಿಸಲೆಂದೇ ಈ ಲೇಖನ.

ಬಿಸಿಲಿಗೆ ಕಾದ ಮಸಾರಿ ನೆಲದ ಮೇಲೆ ಹ್ಯಾರೋ ಓಡಿಸಿದರೆ ಡಿಸ್ಕುಗಳು ಒಳಗಿಳಿಯದೆ ಮೇಲೆಯೇ ಜಾರುತ್ತವೆ. ಆಗ ಚಾಲಕ ಮೊದಲು ಒಂದೆರಡು ಕಲ್ಲು ಹೇರುತ್ತಾನೆ. ಅದೂ ಸಾಲದಾದರೆ ಹೊಲದಲ್ಲಿದ್ದ ಕೂಲಿಯಾಳನ್ನೋ ಮನೆಯ ಹುಡುಗನನ್ನೋ ಹ್ಯಾರೋ ಮೇಲೆ ಕೂರಿಸುತ್ತಾರೆ. ಚಕ್ರ ಒಂದು ಕಲ್ಲಿಗೆ ಎಡವಿದರೆ ಸಾಕು, ಕೂತವರು ಬೀಳುವುದು ತಿರುಗುವ ಡಿಸ್ಕುಗಳ ಮುಂದಕ್ಕೇ. ಚಾಲಕ ಹಿಂದೆ ನೋಡಿ ಬ್ರೇಕ್ ಒತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಈ ಅಪಾಯಕ್ಕೆ ಅಗತ್ಯವೇ ಇಲ್ಲ. ಡಿಸ್ಕು ಇಳಿಯದಿರುವುದಕ್ಕೆ ತೂಕದ ಕೊರತೆ ಕೊನೆಯ ಕಾರಣ. ಅದಕ್ಕೂ ಮೊದಲು ನೋಡಬೇಕಾದ ಕಾರಣಗಳು ಬೇರೆ ಇವೆ.

ಮೊದಲು ಹದ

ಮಸಾರಿ ಮಣ್ಣು ಒಣಗಿದರೆ ಇಟ್ಟಿಗೆಯಂತೆ ಬಿಗಿಯುತ್ತದೆ. ಎರೆ ಮಣ್ಣು ಒಣಗಿದರೆ ಬಿರಿದು ದೊಡ್ಡ ಹೆಂಟೆ ಕಟ್ಟುತ್ತದೆ, ನೆನೆದರೆ ಡಿಸ್ಕಿಗೆ ಮೆತ್ತಿಕೊಳ್ಳುತ್ತದೆ. ಎರಡಕ್ಕೂ ಹದವೇ ಮದ್ದು. ನಾಲ್ಕು ಅಂಗುಲ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿರಿ. ಉಂಡೆ ಕಟ್ಟದೆ ಪುಡಿಯಾದರೆ ಇನ್ನೂ ಮಳೆ ಬೇಕು. ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಟ್ಟಾಗ ಒಡೆದು ಚೂರಾದರೆ ಹದ ಬಂದಿದೆ. ಬಿದ್ದರೂ ಒಡೆಯದೆ ಚಪ್ಪಟೆಯಾದರೆ ತೇವ ಹೆಚ್ಚಾಯಿತು, ಒಂದೆರಡು ದಿನ ತಾಳಿ. ಹಸಿಯಲ್ಲೇ ಹರಗಿದರೆ ಮಣ್ಣು ಅದುಮಿ ಕೆಳಗೆ ಇನ್ನೊಂದು ಗಟ್ಟಿ ಪದರ ಕಟ್ಟುತ್ತದೆ.

ಈ ಗಟ್ಟಿ ಪದರ ಹಲವು ಹೊಲಗಳಲ್ಲಿ ಈಗಾಗಲೇ ಇದೆ. ವರ್ಷವೂ ಒಂದೇ ಆಳಕ್ಕೆ ಹರಗಿದರೆ, ಟ್ರ್ಯಾಕ್ಟರಿನ ಚಕ್ರ ಮತ್ತೆ ಮತ್ತೆ ತುಳಿದರೆ ಅದು ಕಟ್ಟುತ್ತದೆ. ಮಳೆಯಾದ ಮೇಲೆ ಮೊನಚಾದ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚಿ ನೋಡಿ. ಐದಾರು ಅಂಗುಲ ಸಲೀಸಾಗಿ ಇಳಿದು ಅಲ್ಲಿಯೇ ತಡೆದರೆ ಪದರ ಇದೆಯೆಂದು ತಿಳಿಯಿರಿ. ಅದನ್ನು ಒಡೆಯುವುದು ಹ್ಯಾರೋ ಕೆಲಸವಲ್ಲ. ಅದಕ್ಕೆ ಉಳಿ ನೇಗಿಲು ಬೇಕು, ಎರಡು ಮೂರು ವರ್ಷಕ್ಕೊಮ್ಮೆ ಹೊಡೆಸಿದರೆ ಸಾಕು.

ಹ್ಯಾರೋ ಹೆಂಟೆ ಒಡೆಯುವ, ಕಳೆ ಕೊಯ್ಯುವ, ಮಣ್ಣು ಹುಡಿ ಮಾಡುವ ಸಾಧನ. ಮುರಿಯದ ನೆಲವನ್ನು ಮೊದಲು ನೇಗಿಲು ಅಥವಾ ಕಲ್ಟಿವೇಟರ್ ಎಬ್ಬಿಸಬೇಕು. ಆಮೇಲೆ ಹ್ಯಾರೋ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಓಡಿದರೆ ಕೆಲಸ ಅಚ್ಚುಕಟ್ಟು. ಇಳಿಜಾರಿನ ಹೊಲದಲ್ಲಿ ಕೊನೆಯ ಸಾಲು ಇಳಿಜಾರಿಗೆ ಅಡ್ಡಲಾಗಿರಲಿ, ಮಳೆನೀರು ನಿಂತು ಇಂಗುತ್ತದೆ.

ಡಿಸ್ಕು ಇಳಿಯದಿದ್ದರೆ

ಹದ ಸರಿಯಿದ್ದೂ ಡಿಸ್ಕು ಇಳಿಯದಿದ್ದರೆ ಕೆಳಗಿನ ಕ್ರಮದಲ್ಲಿ ನೋಡುತ್ತ ಬನ್ನಿ.

1. ಅಂಚು: ಮೊಂಡಾದ ಡಿಸ್ಕು ಎಷ್ಟು ಭಾರ ಹೇರಿದರೂ ಉರುಳುತ್ತದೆಯೇ ಹೊರತು ಕೊಯ್ಯುವುದಿಲ್ಲ.

2. ಕೋನ: ಡಿಸ್ಕುಗಳ ಸಾಲು ಎಳೆಯುವ ದಿಕ್ಕಿಗೆ ಓರೆಯಾಗಿ ನಿಂತಷ್ಟೂ ಆಳಕ್ಕೆ ಇಳಿಯುತ್ತದೆ. ಚೌಕಟ್ಟಿನಲ್ಲಿರುವ ತೂತುಗಳಿಂದ ಕೋನ ಹೆಚ್ಚಿಸಬಹುದು. ಮುಂದಿನ ಸಾಲು, ಹಿಂದಿನ ಸಾಲು ಎರಡನ್ನೂ ಹೊಂದಿಸಬೇಕು. ಇಲ್ಲವಾದರೆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಎಳೆಯುತ್ತದೆ.

3. ಮಟ್ಟ: ಪಕ್ಕದಲ್ಲಿ ನಿಂತು ನೋಡಿದಾಗ ಹ್ಯಾರೋ ಮುಂದಿನ ಭಾಗ ಎತ್ತಿಕೊಂಡಿದ್ದರೆ ಟಾಪ್ ಲಿಂಕನ್ನು ತುಸು ಗಿಡ್ಡ ಮಾಡಿ. ಹಿಂದಿನ ಸಾಲು ಎತ್ತಿಕೊಂಡಿದ್ದರೆ ಉದ್ದ ಮಾಡಿ.

4. ವೇಗ: ಗಟ್ಟಿ ನೆಲದಲ್ಲಿ ಜೋರಾಗಿ ಓಡಿಸಿದಷ್ಟೂ ಡಿಸ್ಕು ಮೇಲೆದ್ದು ಕುಣಿಯುತ್ತದೆ. ಗಂಟೆಗೆ ನಾಲ್ಕೈದು ಕಿಲೋಮೀಟರ್, ಅಂದರೆ ಮನುಷ್ಯ ನಡೆಯುವ ವೇಗ ಸಾಕು.

5. ತೂಕ: ಇಷ್ಟೆಲ್ಲ ಆದ ಮೇಲೂ ಬೇಕಾದರೆ ಮಾತ್ರ ತೂಕ. ಮರಳು ತುಂಬಿದ ಚೀಲಗಳನ್ನು ಚೌಕಟ್ಟಿನ ಎರಡೂ ಬದಿಗೆ ಸಮನಾಗಿ ಇಟ್ಟು ಹಗ್ಗದಿಂದ ಬಿಗಿಯಾಗಿ ಕಟ್ಟಿ. ಬಿಡಿ ಕಲ್ಲು ಬೇಡ, ಉರುಳಿ ಡಿಸ್ಕುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹ್ಯಾರೋ ಎತ್ತಿದಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರಾದರೆ ತೂಕ ಹೆಚ್ಚಾಯಿತೆಂದೇ ಅರ್ಥ, ಕೂಡಲೇ ಇಳಿಸಿ.

ಮೊದಲ ಸಾಲಿಗೆ ಮೂರು ನಾಲ್ಕು ಅಂಗುಲ ಇಳಿದರೆ ತೃಪ್ತಿಪಡಿ. ಡಿಸ್ಕು ಇಳಿಯುವ ಆಳ ಹೆಚ್ಚೆಂದರೆ ಅದರ ಅಗಲದ ಕಾಲು ಭಾಗ, ಅಂದರೆ 24 ಅಂಗುಲದ ಡಿಸ್ಕಿಗೆ ಸುಮಾರು 6 ಅಂಗುಲ. ಹೊಲದ ಕೊನೆಯಲ್ಲಿ ತಿರುಗುವಾಗ ಹ್ಯಾರೋವನ್ನು ಎತ್ತಿಯೇ ತಿರುಗಿ. ನೆಲದಲ್ಲಿ ಹೂತಿರುವಾಗಲೇ ತಿರುಗಿಸಿದರೆ ಚೌಕಟ್ಟು ಬಾಗುತ್ತದೆ, ಬೇರಿಂಗ್ ಒಡೆಯುತ್ತದೆ.

ಮಳೆಗೆ ಮೊದಲೇ ರಿಪೇರಿ

ಹ್ಯಾರೋ ಕೆಡುವುದು ಹೆಚ್ಚಾಗಿ ಒಂದು ಸಡಿಲ ನಟ್ಟಿನಿಂದ. ಡಿಸ್ಕುಗಳನ್ನೂ ಅವುಗಳ ನಡುವಿನ ಸ್ಪೂಲುಗಳನ್ನೂ ಪೋಣಿಸಿರುವ ಚೌಕ ಶಾಫ್ಟಿನ ನಟ್ಟು ಸಡಿಲವಾದರೆ, ಡಿಸ್ಕು ಅಲುಗಾಡಿ ಅದರ ಚೌಕ ತೂತು ಸವೆಯುತ್ತದೆ. ಅಲ್ಲಿಂದಲೇ ಬಿರುಕು ಹೊರಡುತ್ತದೆ. ಕೊನೆಗೆ ಶಾಫ್ಟೇ ತುಂಡಾಗುತ್ತದೆ. ಪ್ರತಿ ಡಿಸ್ಕನ್ನೂ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡಿ. ಬಿಗಿಯಾಗಿದ್ದರೆ ಗಂಟೆಯಂತೆ ನಾದ ಬರುತ್ತದೆ, ಸಡಿಲವಾಗಿದ್ದರೆ ಒಡಕು ಸದ್ದು. ಉದ್ದ ಹಿಡಿಯ ಪಾನಾದಿಂದ ನಟ್ಟು ಬಿಗಿದು ಲಾಕ್ ಹಾಕಿ. ಹೊಸ ಡಿಸ್ಕು ಹಾಕಿದ್ದರೆ ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು.

ಡಿಸ್ಕುಗಳ ನಡುವೆ ಹಾರೆ ತೂರಿಸಿ ಎತ್ತಿ ನೋಡಿದಾಗ ಶಾಫ್ಟು ಮೇಲೆ ಕೆಳಗೆ ಆಡಿದರೆ ಬೇರಿಂಗ್ ಸವೆದಿದೆ. ಕೆಲಸದ ದಿನಗಳಲ್ಲಿ ದಿನಕ್ಕೊಮ್ಮೆ ಗ್ರೀಸ್ ಹೊಡೆಯಿರಿ. ಹೊಡೆಯುವ ಮುನ್ನ ನಿಪ್ಪಲಿನ ಮಣ್ಣು ಒರೆಸಿ, ಇಲ್ಲದಿದ್ದರೆ ಗ್ರೀಸಿನ ಜೊತೆ ಮಣ್ಣೂ ಒಳಗೆ ಹೋಗುತ್ತದೆ. ಮಣ್ಣು ಕೆರೆಯುವ ಸ್ಕ್ರೇಪರ್ ಡಿಸ್ಕಿಗೆ ತಾಗದೆ, ಪೆನ್ಸಿಲಿನ ದಪ್ಪಕ್ಕಿಂತ ಕಡಿಮೆ ಅಂತರದಲ್ಲಿರಲಿ.

ಅಂಚು ಹರಿತ ಮಾಡುವಾಗ ಮೊದಲಿದ್ದ ಇಳಿಜಾರಿನ ಬದಿಯನ್ನೇ ಗ್ರೈಂಡರಿನಿಂದ ತೇಯಿರಿ. ಒಂದೇ ಕಡೆ ಹೆಚ್ಚು ಹೊತ್ತು ಹಿಡಿದು ಕಾಯಿಸಬೇಡಿ, ಉಕ್ಕಿನ ಹದ ಹೋಗುತ್ತದೆ. ಕುಲುಮೆಯಲ್ಲಿ ಕಾಯಿಸಿ ಬಡಿಸುವುದೂ ಇದೇ ಕಾರಣಕ್ಕೆ ಬೇಡ. ಬಿರುಕು ಬಿಟ್ಟ ಡಿಸ್ಕಿಗೆ ವೆಲ್ಡಿಂಗ್ ಮಾಡಿಸಿದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ, ಅದನ್ನು ಬದಲಿಸಿ. ಸವೆದ ಸಾಲಿನ ನಡುವೆ ಒಂದೇ ಒಂದು ದೊಡ್ಡ ಹೊಸ ಡಿಸ್ಕು ಹಾಕಿದರೆ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಹೊಂದುವ ಅಳತೆಯ ಹಳೆಯ ಡಿಸ್ಕೇ ಲೇಸು. 24 ಅಂಗುಲದವು 20ಕ್ಕೆ ಇಳಿದರೆ ಇಡೀ ಸಾಲನ್ನೇ ಬದಲಿಸಿ. ಚೌಕಟ್ಟಿಗೆ ವೆಲ್ಡಿಂಗ್ ಬೇಕಾದರೆ ಹ್ಯಾರೋವನ್ನು ಟ್ರ್ಯಾಕ್ಟರಿನಿಂದ ಬಿಚ್ಚಿಯೇ ಮಾಡಿಸಿ.

ಮೈಗೆ ಜೋಪಾನ

ಹೈಡ್ರಾಲಿಕ್ಕಿನ ಮೇಲೆ ಎತ್ತಿ ನಿಲ್ಲಿಸಿದ ಹ್ಯಾರೋ ಕೆಳಗೆ ಯಾರೂ ಕೈ ಹಾಕಬಾರದು. ಎಣ್ಣೆ ಸೋರಿದರೆ, ಮಗುವೊಂದು ಲಿವರ್ ಮುಟ್ಟಿದರೆ, ನಾಲ್ಕೈದು ಕ್ವಿಂಟಾಲ್ ಕಬ್ಬಿಣ ಮೈಮೇಲೆ ಇಳಿಯುತ್ತದೆ. ಇಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಚೌಕಟ್ಟಿನ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಕೊಟ್ಟ ಮೇಲೆಯೇ ರಿಪೇರಿಗೆ ಕೂರಿ. ಇಟ್ಟಿಗೆ ನಂಬಬೇಡಿ, ಭಾರಕ್ಕೆ ಒಡೆಯುತ್ತದೆ. ವೆಲ್ಡಿಂಗ್, ಗ್ರೈಂಡಿಂಗ್ ನಡೆಯುವಾಗ ಕಣ್ಣಿಗೆ ರಕ್ಷಣೆ ಇರಲಿ, ಮಕ್ಕಳು ದೂರ ಇರಲಿ.

ಡಿಸ್ಕು ತಾಗಿ ಗಾಯವಾದರೆ ಸೋಪು ಮತ್ತು ಹರಿಯುವ ಶುದ್ಧ ನೀರಿನಿಂದ ತೊಳೆದು, ಚೊಕ್ಕ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಮಣ್ಣು, ಸಗಣಿ, ಕಾಫಿಪುಡಿ ಮೆತ್ತಬೇಡಿ. ಧನುರ್ವಾಯು ರೋಗದ ಅಣುಜೀವಿ ಇರುವುದೇ ಮಣ್ಣು, ಸಗಣಿಯಲ್ಲಿ. ಗಾಯ ಚಿಕ್ಕದಾದರೂ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದಿನ ಬಗ್ಗೆ ಕೇಳಿ. ರಕ್ತ ನಿಲ್ಲದಿದ್ದರೆ ಒತ್ತಿದ ಬಟ್ಟೆ ತೆಗೆಯದೆ 108ಕ್ಕೆ ಫೋನ್ ಮಾಡಿ. ಒಣ ನೆಲದ ಧೂಳಿಗೆ ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಳ್ಳಿ. ಗಂಟೆಗೊಮ್ಮೆ ಸೀಟಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಸೊಂಟಕ್ಕೂ ಒಳ್ಳೆಯದು.

ಬಾಡಿಗೆಗೆ ಕರೆಯುವವರಿಗೊಂದು ಮಾತು

ನಮ್ಮಲ್ಲಿ ಬಹಳ ಕುಟುಂಬಗಳು ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯುತ್ತವೆ. ಗಂಟೆ ಲೆಕ್ಕವಾದರೆ ಹೊಲದವರಿಗೆ ಅವಸರ, ಎಕರೆ ಲೆಕ್ಕವಾದರೆ ಚಾಲಕನಿಗೆ ಅವಸರ. ಎರಡರಲ್ಲೂ ಹ್ಯಾರೋ ಮೇಲೆ ಕೂರುವವನು ಬೇಡವೆನ್ನಲಾಗದ ಬಡವ, ಇಲ್ಲವೇ ಆಟವೆಂದು ಹತ್ತುವ ಮಗು. ಆದ್ದರಿಂದ ಬಾಡಿಗೆ ಮಾತಾಡುವಾಗಲೇ ಹೇಳಿಬಿಡಿ: ‘ಹದ ಬಂದ ಮೇಲೆ ಕರೆಯುತ್ತೇವೆ, ನಿಧಾನ ಹೊಡೆಯಿರಿ, ಹ್ಯಾರೋ ಮೇಲಾಗಲಿ ಮಡ್‌ಗಾರ್ಡ್ ಮೇಲಾಗಲಿ ಯಾರೂ ಕೂರಬಾರದು.’ ಅರ್ಧ ಗಂಟೆಯ ಬಾಡಿಗೆ ಹೆಚ್ಚಾದೀತು. ಅದನ್ನು ಕೊಡಲು ಹಿಂಜರಿಯಬೇಡಿ.

ಬಿತ್ತುವವನ ಸಾಮತಿಯಲ್ಲಿ ಕಲ್ಲುನೆಲದ ಮೇಲೆ ಬಿದ್ದ ಬೀಜ ಬೇಗನೆ ಮೊಳೆತು, ಬೇರಿಗೆ ಆಳವಿಲ್ಲದೆ ಬಾಡಿತೆಂದು ಪ್ರಭು ಯೇಸು ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಬೇರು ಇಳಿಯಲು ನೆಲವನ್ನು ಸಡಿಲ ಮಾಡಿಕೊಡುವುದು ರೈತನ ಪಾಲಿನ ಕೆಲಸ. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋದವರು ಹ್ಯಾರೋ ನಟ್ಟುಗಳನ್ನು ಒಮ್ಮೆ ತಟ್ಟಿ ನೋಡಿ. ನೆರೆಯವರಲ್ಲಿ ಪಾನಾ ಇಲ್ಲದಿದ್ದರೆ ನಿಮ್ಮದನ್ನು ಕೊಡಿ. ಸಂತ ಇಸಿದೋರರ ಪ್ರಾರ್ಥನೆಯಿಂದ ಎಲ್ಲರ ಹೊಲಗಳಿಗೂ ಹದವಾದ ಮಳೆ ಬರಲಿ, ಹೊಲಕ್ಕೆ ಹೋದವರೆಲ್ಲ ಸುಖವಾಗಿ ಮನೆಗೆ ಮರಳಲಿ.