ಪೆನ್‌ಡ್ರೈವ್ ಕುಗ್ಗುವುದು ದಾಖಲೆಯಲ್ಲಿ ಮಾತ್ರ

ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಲೆಂದು 64 ಜಿಬಿಯ ಪೆನ್‌ಡ್ರೈವನ್ನು ಬೂಟ್ ಆಗುವಂತೆ ಸಿದ್ಧಪಡಿಸಿದವರಿಗೆ ಕೆಲಸ ಮುಗಿದ ಮೇಲೆ ಪೇಚಾಟ ಶುರುವಾಗುವುದುಂಟು. ಅದೇ ಡ್ರೈವನ್ನು ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೆ ಕೆಲವೇ ಎಂಬಿಯಷ್ಟು ಜಾಗ ಕಾಣುತ್ತದೆ. ಫಾರ್ಮ್ಯಾಟ್ ಮಾಡಿದರೂ ಅಷ್ಟೇ, ಮತ್ತೊಮ್ಮೆ ಮಾಡಿದರೂ ಅಷ್ಟೇ. ಡ್ರೈವ್ ಹಾಳಾಯಿತೆಂದು ಕಸದ ಬುಟ್ಟಿಗೆ ಹಾಕುವವರೂ ಇದ್ದಾರೆ.

ನಿಜದಲ್ಲಿ ಹಾಳಾಗಿರುವುದಿಲ್ಲ. ಪ್ರತಿ ಡ್ರೈವಿನ ಆರಂಭದಲ್ಲೂ ಪಾರ್ಟಿಷನ್ ಪಟ್ಟಿ ಎಂಬ ಪುಟ್ಟ ದಾಖಲೆ ಇರುತ್ತದೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಅದರ ಗಾತ್ರ ಬರೀ 64 ಬೈಟ್. ಯಾವ ಪಾರ್ಟಿಷನ್ ಎಲ್ಲಿಂದ ಶುರು, ಎಷ್ಟು ದೊಡ್ಡದು ಎಂಬ ವಿವರ ಅದರಲ್ಲಿರುತ್ತದೆ. ಉಬುಂಟುವಿನ ಐಎಸ್ಒ ಕಡತವನ್ನು ಎಚರ್‌ನಂಥ ತಂತ್ರಾಂಶ ಬೈಟಿಗೆ ಬೈಟ್ ಇಳಿಸುವಾಗ ಈ ಪಟ್ಟಿಯೂ ಬದಲಾಗಿಬಿಡುತ್ತದೆ. ಹೊಲ ಎರಡು ಎಕರೆ ಇದ್ದರೂ ಪಹಣಿಯಲ್ಲಿ ಐದು ಗುಂಟೆ ಎಂದು ಬರೆದಂತಾಯಿತು. ಫಾರ್ಮ್ಯಾಟ್ ಕೆಲಸ ಮಾಡುವುದು ಆ ಐದು ಗುಂಟೆಯೊಳಗೆ ಮಾತ್ರ. ದಾಖಲೆಯನ್ನು ಅದು ತಿದ್ದುವುದಿಲ್ಲ.

ವಿಂಡೋಸ್ ಅಳವಡಿಸಲು ತಯಾರಿಸಿದ ಡ್ರೈವಿನ ಕಥೆ ತುಸು ಬೇರೆ. ಅದು ಸಾಮಾನ್ಯವಾಗಿ ಫ್ಯಾಟ್32 ಎಂಬ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗುವುದರಿಂದ 64 ಜಿಬಿಯ ಡ್ರೈವ್ 32 ಜಿಬಿಗೆ ನಿಲ್ಲುತ್ತದೆ. ಫ್ಯಾಟ್32 ಪದ್ಧತಿಗೆ 2 ಟಿಬಿವರೆಗೂ ಹೋಗುವ ಶಕ್ತಿಯಿದ್ದರೂ ವಿಂಡೋಸ್ ಅದನ್ನು 32 ಜಿಬಿಗೆ ಕಟ್ಟಿಹಾಕಿತ್ತು. ಫಾರ್ಮ್ಯಾಟ್ ಕಿಟಕಿಯನ್ನು 1990ರ ದಶಕದಲ್ಲಿ ಬರೆದ ಮೈಕ್ರೋಸಾಫ್ಟ್ ಎಂಜಿನಿಯರ್ ಡೇವ್ ಪ್ಲಮರ್, ಆ ಮಿತಿಯನ್ನು ಆರಿಸಿದ್ದು ತಾವೇ ಎಂದು ಹೇಳಿಕೊಂಡಿದ್ದಾರೆ. ತಾತ್ಕಾಲಿಕ ಎಂದುಕೊಂಡಿದ್ದ ಕಿಟಕಿ ದಶಕಗಳ ಕಾಲ ಉಳಿದುಬಿಟ್ಟಿತು. 2024ರ ಆಗಸ್ಟ್‌ನಲ್ಲಿ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯಲ್ಲಿ, ಅದೂ ಕಮಾಂಡ್ ಮೂಲಕ ಫಾರ್ಮ್ಯಾಟ್ ಮಾಡುವವರಿಗೆ, ಮಿತಿ 2 ಟಿಬಿಗೆ ಏರಿತು.

ಪರಿಹಾರಕ್ಕೆ ಹೊಸ ತಂತ್ರಾಂಶ ಬೇಕಿಲ್ಲ. ಬೇಕಾದ ಕಡತಗಳನ್ನು ಮೊದಲು ಬೇರೆಡೆ ಉಳಿಸಿಕೊಳ್ಳಬೇಕು. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಿಸ್ಕ್‌ಪಾರ್ಟ್’ ಎಂದು ಟೈಪ್ ಮಾಡಬೇಕು. ‘ಲಿಸ್ಟ್ ಡಿಸ್ಕ್’ ಎಂದರೆ ಕಂಪ್ಯೂಟರಿಗೆ ಜೋಡಿಸಿದ ಡಿಸ್ಕ್‌ಗಳೆಲ್ಲ ಗಾತ್ರದ ಸಮೇತ ಸಾಲಾಗಿ ಬರುತ್ತವೆ. ಇಲ್ಲಿ ಅವಸರ ಸಲ್ಲ. ಸಾಮಾನ್ಯವಾಗಿ ಡಿಸ್ಕ್ 0 ಎಂದರೆ ಕಂಪ್ಯೂಟರಿನ ಒಳಗಿನ ಡಿಸ್ಕ್. ಗಾತ್ರ ನೋಡಿ ಪೆನ್‌ಡ್ರೈವಿನ ಸಂಖ್ಯೆಯನ್ನು ಖಚಿತಪಡಿಸಿಕೊಂಡ ಮೇಲೆ, ಅದು 1 ಆಗಿದ್ದರೆ ‘ಸೆಲೆಕ್ಟ್ ಡಿಸ್ಕ್ 1’ ಎನ್ನಬೇಕು. ನಂತರದ ‘ಕ್ಲೀನ್’ ಕಮಾಂಡ್ ‘ಖಾತ್ರಿಯೇ?’ ಎಂದು ಕೇಳುವುದಿಲ್ಲ. ಹಳೆಯ ಪಟ್ಟಿಯನ್ನು ಕ್ಷಣದಲ್ಲಿ ಅಳಿಸಿಹಾಕುತ್ತದೆ. ‘ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ’ ಎಂದರೆ ಇಡೀ ಜಾಗಕ್ಕೆ ಒಂದೇ ಪಾರ್ಟಿಷನ್ ಆಗುತ್ತದೆ. ಅದನ್ನು ಫಾರ್ಮ್ಯಾಟ್ ಮಾಡಿದರೆ ಕೆಲಸ ಮುಗಿಯಿತು.

ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿ ತೆರೆದು ‘ಶೋ ಆಲ್ ಡಿವೈಸಸ್’ ಆರಿಸಬೇಕು. ಒಳಗಿನ ಪಾರ್ಟಿಷನ್ ಬಿಟ್ಟು, ಎಲ್ಲಕ್ಕಿಂತ ಮೇಲೆ ಕಾಣುವ ಇಡೀ ಡ್ರೈವನ್ನೇ ಅಳಿಸಬೇಕು. ಉಬುಂಟುವಿನಲ್ಲಿ ‘ಡಿಸ್ಕ್ಸ್’ ಎಂಬ ಆ್ಯಪ್ ಇದೇ ಕೆಲಸ ಮಾಡುತ್ತದೆ.

ಯಾವ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಬೇಕೆಂಬುದು ಬಳಕೆಗೆ ಬಿಟ್ಟದ್ದು. ಫ್ಯಾಟ್32ರಲ್ಲಿ 4 ಜಿಬಿ ಮುಟ್ಟುವ ಒಂದೇ ಕಡತ ಕೂರುವುದಿಲ್ಲ, ಹಾಗಾಗಿ ಮದುವೆ ವಿಡಿಯೊದಂಥ ದೊಡ್ಡ ಕಡತಗಳಿಗೆ ಎಕ್ಸ್‌ಫ್ಯಾಟ್ ಸೂಕ್ತ. ಹಳೆಯ ಕಾರ್ ಸ್ಟೀರಿಯೊಗಳಲ್ಲಿ ಅನೇಕವು ಫ್ಯಾಟ್32 ಮಾತ್ರ ಓದುತ್ತವೆ.

ಎಲ್ಲ ಸರಿಹೋದ ಮೇಲೂ 64 ಜಿಬಿಯ ಡ್ರೈವ್ ವಿಂಡೋಸ್‌ನಲ್ಲಿ 59.6 ಜಿಬಿಯ ಆಸುಪಾಸಿನಲ್ಲಿ ಕಾಣುತ್ತದೆ. ಇದು ಮೋಸವಲ್ಲ. ತಯಾರಕರು ಒಂದು ಜಿಬಿಯನ್ನು 100 ಕೋಟಿ ಬೈಟ್ ಎಂದು ಎಣಿಸಿದರೆ, ವಿಂಡೋಸ್ 107 ಕೋಟಿ ಚಿಲ್ಲರೆ ಎಂದು ಎಣಿಸುತ್ತದೆ.

ಮೋಸ ಇರುವುದು ಬೇರೆ ಕಡೆ. ಚಿಕ್ಕ ಚಿಪ್ ಹಾಕಿ, ದೊಡ್ಡ ಗಾತ್ರ ತೋರಿಸುವಂತೆ ಅದರ ನಿಯಂತ್ರಕವನ್ನು ತಿರುಚಿ ಮಾರುವ ನಕಲಿ ಡ್ರೈವ್‌ಗಳಿಗೆ ಮೇಲಿನ ಯಾವ ಮದ್ದೂ ನಾಟುವುದಿಲ್ಲ. ಇಲ್ಲದ ಜಾಗಕ್ಕೆ ಬರೆದ ಕಡತದ ಹೆಸರು ಪಟ್ಟಿಯಲ್ಲಿ ಕಂಡರೂ ತೆರೆದಾಗ ಒಳಗೆ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳು ಡ್ರೈವನ್ನು ತುಂಬಿಸಿ, ಮರಳಿ ಓದಿ ನಿಜ ಗಾತ್ರ ಹೇಳುತ್ತವೆ. ಹೊಸ ಡ್ರೈವ್ ಕೊಂಡವರು ಫೋಟೊ ತುಂಬುವ ಮೊದಲೇ ಈ ಪರೀಕ್ಷೆ ಮಾಡಿ. ನಕಲಿಯೆಂದು ತಿಳಿದರೆ ಫಾರ್ಮ್ಯಾಟ್ ಮಾಡುತ್ತ ಕೂರದೆ ಬಿಲ್ ಸಮೇತ ಅಂಗಡಿಗೆ ಹಿಂದಿರುಗಿಸಿ.