ಗೋಡೆ ಬಿದ್ದರೂ ನಿಂತ ಮನೆ

2019ರ ಆಗಸ್ಟ್‌ನಲ್ಲಿ ಕೃಷ್ಣೆಯ ನೀರು ರಾಯಬಾಗ ತಾಲೂಕಿನ ನಮ್ಮ ನಾನಿಯ ಮನೆಗೆ ಹೊಕ್ಕಿತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಹಿತ್ತಲ ಕಡೆಯ ಗೋಡೆಯೇ ಇರಲಿಲ್ಲ. ಹಸಿ ಇಟ್ಟಿಗೆ ಕರಗಿ ಕೆಸರಾಗಿ ಬಿದ್ದಿತ್ತು. ಆದರೆ ಮಾಳಿಗೆ ಇದ್ದಲ್ಲೇ ಇತ್ತು. ಆಗ ಸಣ್ಣವನಾಗಿದ್ದ ನನಗೆ ಅದು ಕರಾಮತ್ತಿನಂತೆ ಕಂಡಿತು. ನೋಡಲು ಬಂದ ಬಡಿಗೇರ ಕಾಕಾ ನಮ್ಮ ಮಾಮೂಗೆ ಹೇಳಿದರು: "ಮನಿ ಬಿದ್ದಿಲ್ರಿ ಭಾಯಿ, ಗೋಡಿ ಅಷ್ಟ ಬಿದ್ದೈತಿ."

ಅವರ ಮಾತು ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ನಾನಿಯ ಮನೆಯಲ್ಲಿ ಭಾರ ಹೊರುವುದು ಗೋಡೆಯಲ್ಲ, ಮರ. ನೆಲದ ಮೇಲೆ ಕಲ್ಲು, ಕಲ್ಲಿನ ಮೇಲೆ ಕಂಬ. ಕಲ್ಲು ಇರುವುದರಿಂದ ನೆಲದ ತೇವ ಕಂಬಕ್ಕೆ ಏರುವುದಿಲ್ಲ. ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತಿಗಳು, ಜಂತಿಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣು. ಎರಡು ಕಂಬಗಳ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತಾರೆ. ಹಿರಿಯರು ಮನೆಯನ್ನು ಚದರ ಅಡಿಯಲ್ಲಿ ಅಳೆಯುತ್ತಿರಲಿಲ್ಲ, ಅಂಕಣದಲ್ಲಿ ಎಣಿಸುತ್ತಿದ್ದರು. ನಾನಿಯದು ಐದಂಕಣದ ಮನೆ: ಸಾಲಿಗೆ 6 ಕಂಬದಂತೆ ಮೂರು ಸಾಲು, ಒಟ್ಟು 18. ಹೊರಗಿನ ಸಾಲಿನ ಕಂಬಗಳು ಗೋಡೆಯೊಳಗೇ ಹುದುಗಿದ್ದವು. ಗೋಡೆ ಕರಗಿದಾಗಲೇ ನಾವು ಅವುಗಳನ್ನು ಮೊದಲ ಸಲ ಕಂಡದ್ದು.

ಎಲ್ಲ ಹಳೆಯ ಮನೆಗಳೂ ಹೀಗಿಲ್ಲ. ಕೆಲವು ಕಡೆ ಮರ ಉಳಿಸಲು ಹೊರಗಂಬ ಹಾಕದೆ ಜಂತಿಯ ತುದಿಯನ್ನು ಗೋಡೆಯ ಮೇಲೇ ಕೂರಿಸಿರುತ್ತಾರೆ. ಅಂಥ ಮನೆಯಲ್ಲಿ ಗೋಡೆ ಹೋದರೆ ಮಾಳಿಗೆಯೂ ಹೋಗುತ್ತದೆ. ನಿಮ್ಮ ಮನೆ ಯಾವ ತರಹದ್ದು ಎಂದು ಒಮ್ಮೆ ನೋಡಿಕೊಳ್ಳಿ. ಚಾವಣಿಯೂ ಊರಿಗೊಂದು ತರ. ಮಳೆ ಹೆಚ್ಚಿರುವ ನಿಪ್ಪಾಣಿ ಕಡೆ ಇಳಿಜಾರಿನ ಹಂಚು, ಮಳೆ ಕಡಿಮೆಯಿರುವ ಅಥಣಿ ಕಡೆ ಮಣ್ಣಿನ ಮಾಳಿಗೆ.

ಮರದ ಕೀಲುಗಳು ಸ್ವಲ್ಪ ಸಡಿಲವಾಗಿರುವುದು ದೋಷವಲ್ಲ. ನೆಲ ನಡುಗಿದಾಗ ಚೌಕಟ್ಟು ಮುರಿಯದೆ ಓಲಾಡುತ್ತದೆ. ಕಾಶ್ಮೀರದಲ್ಲಿ ಮರದ ಚೌಕಟ್ಟನ್ನು ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸಿ ನಡುವೆ ಕಲ್ಲು, ಮಣ್ಣು ತುಂಬುವ 'ಧಜ್ಜಿ ದಿವಾರಿ' ಎಂಬ ಪದ್ಧತಿ ಇದೆ. ಧಜ್ಜಿ ಎಂದರೆ ಬಟ್ಟೆಯ ತುಂಡು ಎಂದು ಉರ್ದು ಓದುವ ಗೆಳೆಯರಿಗೆ ಗೊತ್ತು. ನಮ್ಮ ಕೌದಿ ಇದ್ದ ಹಾಗೆ. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಇಂಥ ಮನೆಗಳು ಚೆನ್ನಾಗಿ ತಾಳಿಕೊಂಡವು.

ಆದರೆ ಮರವಿದ್ದ ಮಾತ್ರಕ್ಕೆ ಮನೆ ಭದ್ರ ಎನ್ನುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು 10 ಸಾವಿರ ಜನ ಸತ್ತರು. ಅಲ್ಲಿಯೂ ಅನೇಕ ಮನೆಗಳಿಗೆ ನಮ್ಮಂಥದೇ ಮರದ ಕಂಬ, ಮಣ್ಣಿನ ಮಾಳಿಗೆ. ಎಷ್ಟೋ ಕಡೆ ಕಂಬಗಳು ನಿಂತವು, ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮಲಗಿದವರ ಮೇಲೆ ಉರುಳಿದವು. ಸೋರುತ್ತದೆಂದು ಮಾಳಿಗೆಗೆ ಮತ್ತೆ ಮತ್ತೆ ಮಣ್ಣು ಹಾಕುವುದೂ ಅಪಾಯವೇ. ಭಾರ ಏರುತ್ತಲೇ ಹೋಗುತ್ತದೆ. ಬೆಂಕಿಯಂತೂ ಮರದ ದೊಡ್ಡ ವೈರಿ. ಪುಣೆಯ ಶನಿವಾರವಾಡೆ 1828ರಲ್ಲಿ ಸುಟ್ಟಾಗ ಉಳಿದದ್ದು ಹೆಚ್ಚಾಗಿ ಕಲ್ಲಿನ ಭಾಗ ಮಾತ್ರ.

ಆ ಪ್ರವಾಹದ ನಂತರ ಪೂರ್ತಿ ಬಿದ್ದ ಮನೆಗೆ ಸರಕಾರದಿಂದ 5 ಲಕ್ಷ ರೂಪಾಯಿ ನೆರವು ಸಿಕ್ಕಿತು, ಅಲ್ಪ ಹಾನಿಗೆ ಅದರ ಒಂದು ಸಣ್ಣ ಪಾಲು. ನಾನಿಯ ಓಣಿಯಲ್ಲಿ ನಿಂತ ಚೌಕಟ್ಟುಗಳನ್ನೂ ಕೆಡವಿದವರಿದ್ದಾರೆ. ಅವರನ್ನು ತಪ್ಪೆನ್ನಲಾರೆ, ಮಕ್ಕಳನ್ನು ಕಟ್ಟಿಕೊಂಡು ಎಷ್ಟು ದಿನ ಶಾಲೆಯ ವರಾಂಡದಲ್ಲಿ ಮಲಗುವುದು? ಕಂಬ, ತೊಲೆ, ಕೆತ್ತನೆಯ ಬಾಗಿಲುಗಳು ಹಳೆ ಕಟ್ಟಿಗೆ ಕೊಳ್ಳುವವರ ಟೆಂಪೊ ಏರಿದವು.

ನಮ್ಮ ಮಾಮೂ ಆಗ ಹಿತ್ತಲಿಗೆ ಸುಟ್ಟ ಇಟ್ಟಿಗೆಯ ಗೋಡೆ ಕಟ್ಟಿಸಿದರು. ಈಗ ಅವರಿಗೂ ಸ್ಲ್ಯಾಬಿನ ಮನೆ ಬೇಕಾಗಿದೆ. ಕಳೆದ ಈದ್ ರಜೆಯಲ್ಲಿ ನಾನು ಟೇಪು ಹಿಡಿದು ಮನೆಯನ್ನೆಲ್ಲ ಅಳೆದು ನಕ್ಷೆ ಬರೆದೆ. 18 ಕಂಬಗಳಲ್ಲಿ ಒಂದರ ಬುಡ ಮಾತ್ರ ಕೊಳೆತಿದೆ. ಅಷ್ಟು ಭಾಗ ಕತ್ತರಿಸಿ ಕೆಳಗೆ ಎತ್ತರದ ಕಲ್ಲು ಕೊಟ್ಟರೆ ಸಾಕು ಎನ್ನುತ್ತಾರೆ ಬಡಿಗೇರ ಕಾಕಾ. ನಕ್ಷೆಯನ್ನು ಮಾಮೂಗೆ ಕೊಟ್ಟಿದ್ದೇನೆ. ಅವರು ಇನ್ನೂ ಹೌದೂ ಅಂದಿಲ್ಲ, ಇಲ್ಲವೂ ಅಂದಿಲ್ಲ.