ಕೈಕಾಲು ಜೋಮು: ತಂತಿ ಹರಿದಿರುವುದೆಲ್ಲಿ?

‘ಡಾಕ್ಟ್ರೇ, ನರ ಹಿಡ್ಕೊಂಡಿದೆ’ ಎನ್ನುತ್ತ ಬರುವವರು ನಮ್ಮ ಮಲೆನಾಡಿನ ಯಾವ ವೈದ್ಯರಿಗೂ ಹೊಸಬರಲ್ಲ. ನರ ಎಂಬ ಮಾತನ್ನು ನಾವು ಬಹಳ ಧಾರಾಳವಾಗಿ ಬಳಸುತ್ತೇವೆ. ಮುಂಗೈ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದೂ ನರ, ಹಿಮ್ಮಡಿಯ ಮೇಲೆ ಹಗ್ಗದಂತೆ ಬಿಗಿದು ನಿಂತಿರುವುದೂ ನರ, ಗ್ಲೂಕೋಸ್ ಹಾಕುವಾಗ ನರ್ಸ್ ಕೈಗೆ ಸಿಗದೆ ಸತಾಯಿಸುವುದೂ ನರ! ಮೊದಲನೆಯದು ಮತ್ತು ಕೊನೆಯದು ರಕ್ತನಾಳ. ನಡುವಿನದು ಮಾಂಸಖಂಡವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜು. ನಿಜವಾದ ನರ ಹಳದಿ ಮಿಶ್ರಿತ ಬಿಳಿ ದಾರದಂತೆ ಒಳಗೆ ಹುದುಗಿರುತ್ತದೆ, ಸಾಮಾನ್ಯವಾಗಿ ಹೊರಗೆ ಕಾಣುವುದೇ ಇಲ್ಲ. ಇನ್ನು ಬಸ್ ನಿಲ್ದಾಣದ ಗೋಡೆಗಳಲ್ಲಿ ಜಾಹೀರಾತು ಮಾಡುವ ‘ನರದೌರ್ಬಲ್ಯ’ಕ್ಕೂ ಈ ನರಗಳಿಗೂ ಯಾವ ಸಂಬಂಧವೂ ಇಲ್ಲ.

ಇದು ಬರೀ ಹೆಸರಿನ ಗೊಂದಲವಾಗಿದ್ದರೆ ಈ ಲೇಖನ ಬೇಕಿರಲಿಲ್ಲ. ಕೈ ಜೋಮು ಹಿಡಿದರೂ, ಕಾಲು ಉರಿದರೂ, ಬೆರಳು ಮಡಿಸಲಾಗದಿದ್ದರೂ ಎಲ್ಲಕ್ಕೂ ಒಂದೇ ಮದ್ದು ಎಂದು ‘ಶಕ್ತಿ ಇಂಜೆಕ್ಷನ್’ ಹಾಕಿಸಿಕೊಂಡು ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಅಷ್ಟರಲ್ಲಿ ನರ ಒಣಗಿ ಹೋಗಿರುತ್ತದೆ.

ಮಿದುಳು ಮತ್ತು ಬೆನ್ನುಹುರಿಯನ್ನು ಕೇಂದ್ರ ನರಮಂಡಲ ಎನ್ನುತ್ತೇವೆ. ಅವೆರಡೂ ಮೂಳೆಯ ಪೆಟ್ಟಿಗೆಯೊಳಗೆ ಭದ್ರವಾಗಿವೆ. ಅಲ್ಲಿಂದ ಹೊರಟು ಮೈಯ ಮೂಲೆಮೂಲೆಗೂ ಹೋಗುವ ನರಗಳ ಜಾಲವೇ ಹೊರ ನರಮಂಡಲ. ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ, ಒಟ್ಟು 43 ಜೊತೆ ನರಗಳು. ಬೆನ್ನುಹುರಿಯ 31ರಲ್ಲಿ ಕುತ್ತಿಗೆಯ ಭಾಗದವು 8, ಎದೆಯ ಭಾಗದವು 12, ಸೊಂಟದವು 5, ಅದರ ಕೆಳಗಿನ ತ್ರಿಕಾಸ್ಥಿಯವು 5, ಬಾಲದ ಮೂಳೆಯದು 1. ಕುತ್ತಿಗೆಯ ಕೆಳಭಾಗದವು ಕಂಕುಳ ಬಳಿ ಒಂದರೊಳಗೊಂದು ಹೆಣೆದುಕೊಂಡು, ಮತ್ತೆ ಕವಲೊಡೆದು ತೋಳಿಗೆ ಇಳಿಯುತ್ತವೆ. ಸೊಂಟದವೂ ಹೀಗೆಯೇ ಕಾಲಿಗೆ ಇಳಿಯುತ್ತವೆ. ಇವುಗಳಲ್ಲಿ ಸಯಾಟಿಕ್ ನರ ದೇಹದಲ್ಲೇ ದೊಡ್ಡದು, ಪೃಷ್ಠದ ಬಳಿ ಹೆಬ್ಬೆರಳಿನಷ್ಟು ದಪ್ಪ. ಪೃಷ್ಠಕ್ಕೆ ಚುಚ್ಚುಮದ್ದು ಕೊಡುವಾಗ ಮೇಲಿನ ಹೊರಮೂಲೆಯನ್ನೇ ಆರಿಸುವುದು ಈ ನರವನ್ನು ತಪ್ಪಿಸಲಿಕ್ಕಾಗಿ. ಪುಟ್ಟ ಮಗುವಿಗೆ ಅಲ್ಲಿ ಸೂಜಿ ತಪ್ಪಿ ಚುಚ್ಚಿದರೆ ಪಾದ ಸೋತು ನೇತಾಡುವ ಸಂಭವವಿದೆ. ಸಣ್ಣಪುಟ್ಟ ಜ್ವರಕ್ಕೂ ‘ಒಂದು ಸೂಜಿ ಹಾಕಿಬಿಡಿ’ ಎಂದು ಒತ್ತಾಯಿಸುವ ತಾಯಂದಿರು ಇದನ್ನು ನೆನಪಿನಲ್ಲಿಡಬೇಕು.

ಒಂದು ನರದೊಳಗೆ ಸಾವಿರಾರು ಎಳೆಗಳು. ಕೆಲವು ಚರ್ಮದಿಂದ ಸುದ್ದಿ ತರುತ್ತವೆ, ಕೆಲವು ಮಾಂಸಖಂಡಗಳಿಗೆ ಆಜ್ಞೆ ಒಯ್ಯುತ್ತವೆ, ಮತ್ತೆ ಕೆಲವು ನಮ್ಮನ್ನು ಕೇಳದೆಯೇ ಬೆವರು, ರಕ್ತನಾಳಗಳ ಬಿಗಿತ ಮುಂತಾದುವನ್ನು ನೋಡಿಕೊಳ್ಳುತ್ತವೆ. ದಪ್ಪ ಎಳೆಗಳಿಗೆ ಕೊಬ್ಬಿನ ಹೊದಿಕೆಯಿದೆ. ಅವುಗಳಲ್ಲಿ ಸುದ್ದಿ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಹೊದಿಕೆಯಿಲ್ಲದ ಸಪೂರ ಎಳೆಗಳಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್ ಮಾತ್ರ. ಕತ್ತಲಲ್ಲಿ ಕಾಲ್ಬೆರಳು ಹೊಸಿಲಿಗೆ ಎಡವಿದಾಗ ತಾಗಿದ್ದು ಕೂಡಲೇ ಗೊತ್ತಾಗಿ, ‘ಅಯ್ಯೋ’ ಎನ್ನಿಸುವ ನೋವು ಒಂದು ಕ್ಷಣ ತಡವಾಗಿ ಬರುವುದು ಇದೇ ಕಾರಣಕ್ಕೆ.

ಈಗ ರೋಗ ಪತ್ತೆಯ ಮಾತು. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿ ಹರಿದರೆ ನಮ್ಮ ಲೈನ್‌ಮನ್ ಏನು ಮಾಡುತ್ತಾನೆ? ಯಾವ ಯಾವ ಮನೆಗೆ ದೀಪವಿಲ್ಲ ಎಂದು ವಿಚಾರಿಸಿ, ಹರಿದಿರುವ ಜಾಗವನ್ನು ಅಂದಾಜು ಮಾಡುತ್ತಾನೆ. ವೈದ್ಯರು ಮಾಡುವುದೂ ಅದನ್ನೇ. ಆದ್ದರಿಂದ ‘ಕೈ ಜೋಮು’ ಎಂದಷ್ಟೇ ಹೇಳಿದರೆ ಸಾಲದು, ಯಾವ ಬೆರಳು ಎಂಬುದನ್ನು ನೋಡಿಕೊಂಡು ಬನ್ನಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಜೋಮಾಗಿದ್ದರೆ ಅದು ಮೀಡಿಯನ್ ನರ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳ ಮೇಲೆ ಗಟ್ಟಿ ಪಟ್ಟಿಯೊಂದು ಹಾದು ಸುರಂಗದಂತಾಗಿದೆ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ಈ ನರವೂ ಅದರೊಳಗೆ ತೂರಬೇಕು. ನವೆಂಬರಿನಿಂದ ಫೆಬ್ರವರಿಯ ತನಕ ಕಾಫಿ ಹಣ್ಣು ಕುಯ್ಯುವ ಹೆಂಗಸರ ಬೆರಳುಗಳು ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ಆಡುತ್ತವೆ. ಕಳೆ ಹೊಡೆಯುವ ಯಂತ್ರ ಹಿಡಿದವರ ಕೈಯಂತೂ ಗಂಟೆಗಟ್ಟಲೆ ನಡುಗುತ್ತಿರುತ್ತದೆ. ಸುರಂಗದೊಳಗೆ ಊತ ಬಂದರೆ ನರ ಇಕ್ಕಟ್ಟಿಗೆ ಸಿಲುಕುತ್ತದೆ. ನಡುರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವುದು ಇದರ ಮುಖ್ಯ ಚಿಹ್ನೆ. ಗರ್ಭಿಣಿಯರಲ್ಲಿ, ಥೈರಾಯಿಡ್ ಕೊರತೆ ಇರುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಸಾಮಾನ್ಯ. ರಾತ್ರಿ ಮಣಿಕಟ್ಟನ್ನು ನೆಟ್ಟಗೆ ಹಿಡಿದಿಡುವ ಪಟ್ಟಿ ಕಟ್ಟಿಕೊಂಡು ಮಲಗಿದರೆ ಬಹಳಷ್ಟು ಜನರಿಗೆ ಆರಾಮವಾಗುತ್ತದೆ. ಹೆಬ್ಬೆರಳಿನ ಬುಡದ ಮಾಂಸ ಸೊರಗಲು ಆರಂಭಿಸಿದ್ದರೆ ಪಟ್ಟಿ ನೆಚ್ಚಿಕೊಂಡು ಕೂರದೆ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಬೇಕು.

ಕಿರುಬೆರಳು ಮತ್ತು ಉಂಗುರಬೆರಳಿನ ಹೊರಪಕ್ಕ ಜೋಮಾಗಿದ್ದರೆ ಅಲ್ನಾರ್ ನರ. ಮೊಣಕೈ ಬಾಗಿಲಿಗೆ ತಾಗಿದಾಗ ಕರೆಂಟ್ ಹೊಡೆದಂತಾಗುತ್ತದಲ್ಲ, ಆಗ ಪೆಟ್ಟು ಬಿದ್ದದ್ದು ಈ ನರಕ್ಕೆ. ಮೊಣಕೈ ಹಿಂದೆ ಅದು ಮೂಳೆಗೂ ಚರ್ಮಕ್ಕೂ ನಡುವೆ ಹೆಚ್ಚಿನ ರಕ್ಷಣೆಯಿಲ್ಲದೆ ಹಾದುಹೋಗುತ್ತದೆ. ಯಾವಾಗಲೂ ಮೊಣಕೈ ಊರಿ ಕೂರುವವರಿಗೆ ಈ ತೊಂದರೆ ಬರುವುದುಂಟು.

ಆದರೆ ಅಲ್ನಾರ್ ನರ ಸೋತವರನ್ನು ಕಂಡಾಗ ಇನ್ನೊಂದು ಕಾಯಿಲೆಯನ್ನು ನೆನೆಯದೆ ಬಿಡುವಂತಿಲ್ಲ. ಅದು ಕುಷ್ಠ. ಹೆಸರು ಕೇಳಿದೊಡನೆ ಪತ್ರಿಕೆ ಮಡಿಸಿಡಬೇಡಿ. ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಗುರುತಿಸಿದ ಈ ರೋಗಾಣು ಮೈಯ ತಣ್ಣಗಿನ ಜಾಗಗಳನ್ನು ಇಷ್ಟಪಡುತ್ತದೆ. ಹಾಗಾಗಿ ಚರ್ಮಕ್ಕೆ ಹತ್ತಿರವಾಗಿ ಓಡುವ ನರಗಳೇ, ಅಂದರೆ ಮೊಣಕೈ ಹಿಂದಿನದು, ಮೊಣಕಾಲಿನ ಹೊರಪಕ್ಕದ್ದು, ಕಾಲಿನ ಒಳಗಣ್ಣಿನ ಹಿಂದಿನದು, ಕಿವಿಯ ಕೆಳಗೆ ಕುತ್ತಿಗೆಯಲ್ಲಿ ಹಾಯುವುದು, ಅದಕ್ಕೆ ಗುರಿಯಾಗುತ್ತವೆ. ನರ ದಪ್ಪವಾಗಿ ಬೆರಳಿಗೆ ಹಗ್ಗದಂತೆ ಸಿಗುತ್ತದೆ. ಮೊದಲ ಗುರುತು ಬಹುಮಟ್ಟಿಗೆ ಚರ್ಮದ ಮೇಲೆ ತಿಳಿಬಣ್ಣದ ಅಥವಾ ಕೆಂಪಗಿನ ಒಂದು ಮಚ್ಚೆ. ತುರಿಕೆಯಿಲ್ಲ, ನೋವಿಲ್ಲ, ಅಲ್ಲಿ ಬೆವರೂ ಇಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ತೊಂದರೆ ಕೊಡದ ಮಚ್ಚೆಗೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಹಾಗೆ ಬಿಟ್ಟವರು ಮುಂದೊಂದು ದಿನ ಕಿರುಬೆರಳು ಕೊಕ್ಕೆಯಂತೆ ಬಾಗಿದಾಗ ಬರುತ್ತಾರೆ.

ಭಾರತದಲ್ಲಿ ಕುಷ್ಠವು ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗಿಳಿಯಿತೆಂದು 2005ರ ಕೊನೆಯಲ್ಲಿ ಘೋಷಣೆಯಾಯಿತು. ‘ನಿರ್ಮೂಲನೆ’ ಎಂಬ ಆ ಮಾತನ್ನು ಕೇಳಿ ರೋಗವೇ ಹೋಯಿತೆಂದು ಜನ ತಿಳಿದರು, ಕೆಲವು ವೈದ್ಯರೂ ತಿಳಿದರು. ಈಗಲೂ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳು ನುಂಗಿದರೆ ಪೂರ್ಣ ಗುಣ. ಔಷಧಿ ಆರಂಭಿಸಿದ ಮೇಲೆ ಬೇರೆಯವರಿಗೆ ಹರಡುವ ಭಯವೂ ಬಹುಬೇಗ ಇಲ್ಲವಾಗುತ್ತದೆ, ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ. ಇಲ್ಲಿ ಕಾಲವೇ ಮುಖ್ಯ. ಬೆರಳಿನ ಬಲ ಹೋಗಿ ಆರು ತಿಂಗಳ ಒಳಗಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆಯಿಂದ ಅದು ಮರಳುವ ಅವಕಾಶ ಚೆನ್ನಾಗಿರುತ್ತದೆ. ತಡವಾದಷ್ಟೂ ಅವಕಾಶ ಕಡಿಮೆ. ತೋಟದ ಮಾಲೀಕರಲ್ಲಿ ಒಂದು ಮಾತು: ಲೈನ್ ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆಯೆಂದು ತಿಳಿದೊಡನೆ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳುಹಿಸಿದರೆ ಔಷಧಿ ನಡುವೆಯೇ ನಿಲ್ಲುತ್ತದೆ, ಉಳಿದವರು ತಮ್ಮ ಮಚ್ಚೆಯನ್ನು ಮುಚ್ಚಿಡುತ್ತಾರೆ.

ಕಾಲಿಗೆ ಬರೋಣ. ಮೊಣಕಾಲಿನ ಹೊರಪಕ್ಕ, ಸ್ವಲ್ಪ ಕೆಳಗೆ, ಒಂದು ಮೂಳೆಗುಬ್ಬಿ ಕೈಗೆ ಸಿಗುತ್ತದೆ. ಅದರ ಕೆಳಗೇ ಪೆರೋನಿಯಲ್ ನರ ಸುತ್ತಿ ಹಾಯುತ್ತದೆ. ಉದುರಿದ ಕಾಫಿ ಹಣ್ಣು ಆರಿಸಲು ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂತರೆ ಈ ನರ ಅದುಮಿ ಹೋಗುತ್ತದೆ. ಎದ್ದಾಗ ಪಾದ ಮೇಲಕ್ಕೆತ್ತಲು ಆಗದೆ ಚಪ್ಪಲಿ ಕಳಚಿ ಬೀಳುತ್ತದೆ. ಮನೆಯವರು ಲಕ್ವ ಎಂದು ಗಾಬರಿಯಾಗುವುದು ಸಹಜ. ಒತ್ತಡದಿಂದ ಹೀಗಾದದ್ದು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೂ ಪರೀಕ್ಷೆ ಮಾಡಿಸಲೇಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಕಾಲು ಚಾಚುವುದು ಸುಲಭದ ಮುಂಜಾಗ್ರತೆ.

ಎರಡೂ ಪಾದ ಒಟ್ಟಿಗೆ, ಕಾಲುಚೀಲ ಹಾಕಿದಷ್ಟು ಜಾಗದಲ್ಲಿ ಜೋಮು ಮತ್ತು ಉರಿ ಇದ್ದರೆ ವಿಷಯ ಬೇರೆ. ಆಗ ಒಂದು ತಂತಿ ಹರಿದದ್ದಲ್ಲ, ಎಲ್ಲ ತಂತಿಗಳೂ ತುದಿಯಿಂದ ಸವೆಯುತ್ತಿವೆ. ಪಾದದ ಎಳೆಯ ಜೀವಕೋಶ ಇರುವುದು ಬೆನ್ನಿನ ಬಳಿ. ಅಲ್ಲಿಂದ ಸುಮಾರು ಒಂದು ಮೀಟರ್ ದೂರಕ್ಕೆ ಆಹಾರ ಸಾಗಬೇಕು. ಪೂರೈಕೆ ಕೆಟ್ಟರೆ ಲೈನಿನ ಕೊನೆಯ ಮನೆಗೆ ಮೊದಲು ಬೆಳಕು ಮಂಕಾಗುವಂತೆ ಕಾಲ್ಬೆರಳು ಮೊದಲು ಸೋಲುತ್ತದೆ. ಸಕ್ಕರೆ ಕಾಯಿಲೆಯೇ ಮುಖ್ಯ ಕಾರಣ. ಕುಡಿತ, ಬಿ12 ಕೊರತೆ (ಹಾಲನ್ನೂ ಅಷ್ಟಾಗಿ ಬಳಸದ ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಾನುಗಟ್ಟಲೆ ನುಂಗುವವರಲ್ಲಿ), ಕ್ಷಯದ ಕೆಲವು ಔಷಧಿಗಳು ಉಳಿದ ಕಾರಣಗಳು. ಕಾರಣ ತಿಳಿಯದೆ ಬಿ ಕಾಂಪ್ಲೆಕ್ಸ್ ನುಂಗುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ.

ಉರಿ ಇರುವಷ್ಟು ದಿನ ರೋಗಿ ದೂರುತ್ತಾನೆ. ಉರಿ ನಿಂತು ಪಾದ ಮರಗಟ್ಟಿದಾಗ ‘ವಾಸಿಯಾಯಿತು’ ಎಂದು ಸುಮ್ಮನಾಗುತ್ತಾನೆ. ಅಪಾಯ ಶುರುವಾಗುವುದೇ ಆಗ. ಜಡಿಮಳೆಯ ಸಂಜೆ ಹಂಡೆ ಒಲೆಯ ಮುಂದೆ ಕಾಲು ಚಾಚಿ ಕೂತವರ ಪಾದ ಬೊಕ್ಕೆ ಎದ್ದರೂ ತಿಳಿಯುವುದಿಲ್ಲ. ಗಂಬೂಟಿನೊಳಗಿನ ಸಣ್ಣ ಕಲ್ಲು ಇಡೀ ದಿನ ಒತ್ತಿ ಹುಣ್ಣಾಗುತ್ತದೆ. (ಉಂಬಳ ಕಚ್ಚಿದ್ದು ಯಾರಿಗೂ ತಿಳಿಯುವುದಿಲ್ಲ, ಅದಕ್ಕೆ ನರವನ್ನು ದೂರಬೇಡಿ.) ಸಕ್ಕರೆ ಕಾಯಿಲೆಯವರು ಬೂಟು ಹಾಕುವ ಮುನ್ನ ತಲೆಕೆಳಗಾಗಿ ಕೊಡವಬೇಕು. ಸ್ನಾನದ ನೀರಿನ ಬಿಸಿಯನ್ನು ಮನೆಯ ಬೇರೆಯವರ ಕೈಯಿಂದ ನೋಡಿಸಬೇಕು. ರಾತ್ರಿ ಅಂಗಾಲನ್ನು ಕನ್ನಡಿ ಇಟ್ಟುಕೊಂಡಾದರೂ ನೋಡಿಕೊಳ್ಳಬೇಕು. ಕಣ್ಣು ಸರಿಯಾಗಿ ಕಾಣದ ಹಿರಿಯರ ಪಾದವನ್ನು ಮಕ್ಕಳೋ ಮೊಮ್ಮಕ್ಕಳೋ ನೋಡಲಿ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಕಾಲಿನಿಂದ ಆರಂಭವಾದ ನಿಶ್ಶಕ್ತಿ ಕೆಲವೇ ದಿನಗಳಲ್ಲಿ ಮೇಲೇರುತ್ತ ಬಂದರೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಬೆನ್ನು ನೋವಿನ ಜೊತೆಗೆ ಮೂತ್ರ ಕಟ್ಟಿ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬಾಯಿ ಒಂದು ಕಡೆಗೆ ಸೊಟ್ಟಗಾದರೆ ‘ಬಸ್ಸಿನ ಕಿಟಕಿಯ ಗಾಳಿ ಹೊಡೆದಿದೆ’ ಎಂದು ಸೊಪ್ಪಿನ ರಸ ಹಚ್ಚಿಕೊಂಡು ಕೂರಬಾರದು. ಅದೇ ಪಕ್ಕದ ಹಣೆಯ ಗೆರೆಗಳೂ ಅಳಿಸಿ ಕಣ್ಣು ಮುಚ್ಚದಿದ್ದರೆ ಏಳನೆಯ ಕಪಾಲ ನರದ ತೊಂದರೆ ಇರಬಹುದು. ಅದಕ್ಕೆ ಮೂರು ದಿನಗಳ ಒಳಗೆ ಔಷಧಿ ಆರಂಭಿಸಿದರೆ ಫಲ ಹೆಚ್ಚು. ಹಣೆ ಸರಿಯಿದ್ದು ಬಾಯಿ ಮಾತ್ರ ಸೊಟ್ಟಗಿದ್ದರೆ ಮಿದುಳಿನ ಆಘಾತವಿರಬಹುದು, ಅಲ್ಲಿ ಗಂಟೆಗಳ ಲೆಕ್ಕ. ಯಾವುದೆಂದು ಮನೆಯಲ್ಲೇ ತೀರ್ಮಾನಿಸುತ್ತ ಕೂರದೆ ಹೊರಟುಬಿಡಿ.

ಕೊನೆಯದಾಗಿ ಕತ್ತಿಯ ಗಾಯ. ಮರಗಸಿಯ ಕಾಲದಲ್ಲಿ ಕತ್ತಿ ತಾಗಿ ಮುಂಗೈ ಸೀಳಿದಾಗ ರಕ್ತ ನಿಲ್ಲಿಸಿ ಹೊಲಿಗೆ ಹಾಕಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಹೊಲಿಗೆಗೆ ಮುನ್ನ ಪ್ರತಿ ಬೆರಳಿನ ತುದಿಯೂ ಮುಟ್ಟಿದ್ದು ತಿಳಿಯುತ್ತದೆಯೇ, ಎಲ್ಲ ಬೆರಳೂ ಆಡುತ್ತವೆಯೇ ಎಂದು ನೋಡಿಸಿಕೊಳ್ಳಿ. ತುಂಡಾದ ನರವನ್ನು ಸೂಕ್ಷ್ಮ ಶಸ್ತ್ರಚಿಕಿತ್ಸೆಯಿಂದ ಜೋಡಿಸಲು ಸಾಧ್ಯ. ಮಂಗಳೂರು, ಮಣಿಪಾಲಗಳಲ್ಲಿ ಆ ಸೌಕರ್ಯವಿದೆ. ಜೋಡಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ ಆರೇಳು ತಿಂಗಳು, ಮೊಣಕೈಯಿಂದಾದರೆ ಒಂದು ವರ್ಷಕ್ಕೂ ಹೆಚ್ಚು. ಅಲ್ಲಿಯವರೆಗೆ ಬೆರಳ ಕೀಲುಗಳು ಬಿಗಿಯದಂತೆ ದಿನವೂ ಇನ್ನೊಂದು ಕೈಯಿಂದ ಆಡಿಸುತ್ತಿರಬೇಕು. ನರ ಬೆಳೆಯುತ್ತಿದೆಯೇ ಎಂದು ತಿಳಿಯಲು ವೈದ್ಯರು ಅದರ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟಿ, ಜುಮ್ಮೆನ್ನುವ ಜಾಗವನ್ನು ಗುರುತು ಮಾಡುತ್ತಾರೆ. ಮುಂದಿನ ತಿಂಗಳು ತಟ್ಟಿದಾಗ ಆ ಜಾಗ ಎರಡು ಮೂರು ಸೆಂಟಿಮೀಟರ್ ಕೆಳಗೆ ಸರಿದಿದ್ದರೆ ಎಳೆಗಳು ಬೆರಳಿನತ್ತ ಬರುತ್ತಿವೆ ಎಂದರ್ಥ.